ಗಣಿತದ ಮಾಸ್ತರಿಲ್ಲದ ಕಾಲೇಜಿನಿಂದ ಒಂದು ಅರ್ಜಿ

ನನ್ನ ಮನೆ ಬೈಲಹೊಂಗಲದಲ್ಲಿ. ಇಂಗ್ಲಿಷ್ ಕಲಿಸುವುದು ಕಟಕೋಳದ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ. ಬೆಳಿಗ್ಗೆ ಯರಗಟ್ಟಿಗೆ ಒಂದು ಬಸ್ಸು, ಅಲ್ಲಿಂದ ರಾಮದುರ್ಗದ ಕಡೆಗೆ ಹೋಗುವ ಇನ್ನೊಂದು ಬಸ್ಸು, ಇಳಿದ ಮೇಲೆ ಸ್ವಲ್ಪ ನಡಿಗೆ. ಸಂಜೆ ಇದೇ ದಾರಿ ಹಿಂದಕ್ಕೆ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಬಿಟ್ಟುಬಿಟ್ಟಿದ್ದೇನೆ. ಕೂತಲ್ಲೇ ನಿದ್ದೆ ಮಾಡುವುದು ರೂಢಿಯಾಗಿದೆ; ಯರಗಟ್ಟಿ ಬಂದರೆ ಕಂಡಕ್ಟರೇ ಎಬ್ಬಿಸುತ್ತಾರೆ.

ಅಂಥ ಒಂದು ಸಂಜೆ, ದಸರಾ ರಜೆ ಮುಗಿದ ಮೇಲೆ, ಇನ್ನೇನು ಬಸ್ಸಿಗೆ ಹೊರಡಬೇಕು ಎನ್ನುವಾಗ ಎರಡನೆಯ ವರ್ಷದ ವಿಜ್ಞಾನದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕಟಕೋಳದವಳು. ಅವಳ ತಂದೆ ಅಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಸುತ್ತಲ ಹೊಲಗಳ ಬೋರಿನ ಮೋಟಾರು ಸುಟ್ಟರೆ ಅವರಲ್ಲಿಗೇ ತರುತ್ತಾರೆ. ಹೆಚ್ಚು ಮಾತಾಡುವ ಹುಡುಗಿಯಲ್ಲ. ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಮೂರನೆಯ ಬೆಂಚಿನ ಗೋಡೆಯ ಕಡೆ ಕೂರುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ.

ಕೈಯಲ್ಲಿದ್ದ ಮೊಬೈಲು ನನ್ನ ಮುಂದೆ ಹಿಡಿದಳು. ದಿಲ್ಲಿಯ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಅರ್ಜಿ. ಧಾರವಾಡದಲ್ಲಿ ಒಂದು ಗಣಿತ ಶಿಬಿರಕ್ಕೆ ಹೋಗಿದ್ದಾಗ ಆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಒಬ್ಬಾಕೆ ಸಿಕ್ಕು ಹೇಳಿದ್ದಳಂತೆ: ಪರೀಕ್ಷೆಯ ಅಂಕದ ಮೇಲಷ್ಟೇ ತೆಗೆದುಕೊಳ್ಳುವುದಿಲ್ಲ, ಬರವಣಿಗೆ ನೋಡುತ್ತಾರೆ, ಮಾತಾಡಿಸುತ್ತಾರೆ, ತೆಗೆದುಕೊಂಡರೆ ಬಡವರ ಮಕ್ಕಳ ಖರ್ಚೆಲ್ಲ ಅವರದೇ. ನೂರಾರು ಮಂದಿಯಲ್ಲಿ ಕೆಲವರನ್ನಷ್ಟೇ ಆರಿಸುತ್ತಾರೆ. ಇವಳಿಗೆ ಗಣಿತವನ್ನೇ ಓದಬೇಕು. ಎಂಜಿನಿಯರಿಂಗ್ ಅಲ್ಲ, ಗಣಿತ.

"ಇದರಾಗ ಕೌನ್ಸೆಲರ್ ಅಂತ ಒಂದು ಐತ್ರಿ ಮ್ಯಾಡಮ್. ಅವರು ನನ್ನ ಬಗ್ಗೆ ಬರೀಬೇಕಂತ. ನಮ್ಮಲ್ಲಿ ಯಾರೂ ಇಲ್ಲಲ್ರಿ. ನೀವು ಆಗತೀರೇನ್ರಿ?"

ನನಗೆ ಬಸ್ಸಿನ ಚಿಂತೆ. ಆಗತೇನಿ ತಗೋ, ನಾಳೆ ನೋಡೋಣ ಎಂದುಬಿಟ್ಟೆ. ಬಸ್ಸು ಹಿಡಿಯುವ ಅವಸರದಲ್ಲಿ ಒಪ್ಪಿಕೊಂಡ ಕೆಲಸ ಅದು. ನಾಲ್ಕು ತಿಂಗಳು ಬೆನ್ನಿಗಂಟಿತು.

ಮನೆಗೆ ಹೋಗಿ ಆ ಅರ್ಜಿ ತೆರೆದೆ. ಶಾಲೆಯ ಪರಿಚಯವನ್ನು ಶಾಲೆಯೇ ಕೊಡಬೇಕು, ಅದೂ ಸಂಸ್ಥೆಯ ಹೆಸರಿನ ಇಮೇಲಿನಿಂದ. ನಮ್ಮ ಕಾಲೇಜಿಗೊಂದು ಇಮೇಲ್ ಇತ್ತು. ಅದರ ಪಾಸ್‌ವರ್ಡು ಗೊತ್ತಿದ್ದ ಗುಮಾಸ್ತರು ಸವದತ್ತಿಗೆ ವರ್ಗವಾಗಿ ವರ್ಷವಾಗಿತ್ತು. ಅವರಿಗೆ ಫೋನು ಮಾಡಿದರೆ, ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದೆ ನೋಡ್ರಿ ಎಂದರು. ಆ ಪುಸ್ತಕ ಹುಡುಕಲು ಮೂರು ದಿನ ಹಿಡಿಯಿತು.

ಒಳಗೆ ಹೋದ ಮೇಲೆ ಪ್ರಶ್ನೆಗಳು ಶುರುವಾದವು. ಶಾಲೆಯಲ್ಲಿ ಎಷ್ಟು ಸಂಘಗಳಿವೆ? ಸಂಶೋಧನೆಗೆ ಅವಕಾಶವಿದೆಯೇ? ವಿದ್ಯಾರ್ಥಿ ಯಾವ ವಾದ್ಯ ನುಡಿಸುತ್ತಾಳೆ? ನಾಲ್ಕನೆಯ ಪುಟದಲ್ಲಿ ಒಂದು ದೊಡ್ಡ ಕೋಷ್ಟಕ: ನಿಮ್ಮಲ್ಲಿ ಕಲಿಸುವ ಮುಂದುವರಿದ ಹಂತದ ಕೋರ್ಸುಗಳು ಯಾವುವು, ಅವುಗಳಲ್ಲಿ ವಿದ್ಯಾರ್ಥಿ ಎಷ್ಟನ್ನು ತೆಗೆದುಕೊಂಡಿದ್ದಾಳೆ? ಉದಾಹರಣೆಗೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂದಿತ್ತು. ಅದೇನೆಂದು ಹುಡುಕಿ ಓದಿದೆ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಮಟ್ಟದ ಪಾಠ ಕಲಿತು ಪರೀಕ್ಷೆ ಬರೆಯುವುದಂತೆ. ದೊಡ್ಡ ಊರುಗಳ ದೊಡ್ಡ ಶಾಲೆಗಳಲ್ಲಿ ಅದನ್ನು ಕಲಿಸುತ್ತಾರಂತೆ.

ನಮ್ಮಲ್ಲಿ ಮುಂದುವರಿದ ಹಂತ ಹಾಗಿರಲಿ, ಇರಬೇಕಾದ ಹಂತವೇ ಇರಲಿಲ್ಲ. ಗಣಿತದ ಕಾಯಂ ಉಪನ್ಯಾಸಕರು ಹಿಂದಿನ ವರ್ಷ ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಬಂದ ಅತಿಥಿ ಉಪನ್ಯಾಸಕನಿಗೆ ಬ್ಯಾಂಕಿನ ನೌಕರಿ ಸಿಕ್ಕಿತು. ಆಗಸ್ಟಿನಲ್ಲಿ ಅವನೂ ಹೋದ. ಎರಡನೆಯ ವರ್ಷದ ಮಕ್ಕಳಿಗೆ ನಮ್ಮ ಪ್ರಾಚಾರ್ಯರೇ ವಾರಕ್ಕೆ ಮೂರು ದಿನ ಕಲನಶಾಸ್ತ್ರ ಹೇಳಿಕೊಡುತ್ತಿದ್ದರು. ಅವರು ರಸಾಯನಶಾಸ್ತ್ರದವರು. ಹಿಂದಿನ ರಾತ್ರಿ ತಾವೇ ಕಲಿತು ಬಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಒರೆಸಿ, ಇನ್ನೊಮ್ಮೆ ನೋಡೂಣ ಎನ್ನುತ್ತಿದ್ದರು. ಮೊದಲ ವರ್ಷದವರಿಗೆ ಗಣಿತದ ಪಿರಿಯಡ್ಡೆಂದರೆ ಸುಮ್ಮನೆ ಕೂರುವ ಪಿರಿಯಡ್ಡು.

ಆ ಕೋಷ್ಟಕವನ್ನು ಖಾಲಿ ಬಿಟ್ಟು ಲ್ಯಾಪ್‌ಟಾಪು ಮುಚ್ಚಿದೆ. ನನಗೆ ಇಂಥ ಅರ್ಜಿಗಳ ಪರಿಚಯವೇ ಇರಲಿಲ್ಲ. ನಾನು ಕಿತ್ತೂರಿನ ಹತ್ತಿರದ ಹಳ್ಳಿಯವಳು. ಬೈಲಹೊಂಗಲದಲ್ಲಿ ಬಿ.ಎ. ಸೇರಿದ್ದು, ನಮ್ಮೂರಿಂದ ಅಲ್ಲಿಗೆ ನೇರ ಬಸ್ಸಿತ್ತು ಎನ್ನುವ ಕಾರಣಕ್ಕೆ. ಫಾರ್ಮು ತುಂಬಿದ್ದು ನಮ್ಮ ಸೋದರಮಾವ. ಇಂಗ್ಲಿಷ್ ಬೇಕೋ ಇತಿಹಾಸ ಬೇಕೋ ಎಂದು ನನ್ನನ್ನು ಕೇಳಿದ್ದೂ ನೆನಪಿಲ್ಲ. ಕಾಲೇಜು ನಮ್ಮನ್ನು ಆರಿಸುತ್ತದೆ, ಅದಕ್ಕಾಗಿ ನಮ್ಮನ್ನು ನಾವು ಬಣ್ಣಿಸಿಕೊಳ್ಳಬೇಕು ಎಂಬುದೇ ನನಗೆ ಹೊಸದು.

ಮಾರನೆಯ ವಾರ ಮಧ್ಯಾಹ್ನ ಮೊದಲ ವರ್ಷದ ಕೋಣೆಯ ಮುಂದೆ ಹಾದು ಹೋಗುವಾಗ ಒಳಗಿಂದ ಪಾಠದ ದನಿ ಕೇಳಿ ನಿಂತೆ. ಬೋರ್ಡಿನ ಮುಂದೆ ಆ ಹುಡುಗಿ. ಕ್ರಮಯೋಜನೆಯ, ಅಂದರೆ ಪರ್ಮ್ಯುಟೇಶನ್ನಿನ ಲೆಕ್ಕ ಹೇಳಿಕೊಡುತ್ತಿದ್ದಳು. ಹತ್ತೊಂಬತ್ತು ಮಕ್ಕಳು, ಒಬ್ಬರೂ ಅಲುಗದೆ ಕೂತಿದ್ದರು. ನನ್ನ ಕ್ಲಾಸಿನಲ್ಲಿ ಬಾಯಿ ಬಿಡದವಳು ಅಲ್ಲಿ ಒಂದೇ ಸಮನೆ ಮಾತಾಡುತ್ತಿದ್ದಳು, ಕನ್ನಡದಲ್ಲಿ, ನಡುನಡುವೆ ಪುಸ್ತಕದ ಇಂಗ್ಲಿಷ್ ಶಬ್ದ ಸೇರಿಸಿ. ಹಿಂದಿನ ಬೆಂಚಿನ ಹುಡುಗನೊಬ್ಬ ತಿಳಿಯಲಿಲ್ಲವೆಂದ. ಮೊದಲಿನಿಂದ ಹೇಳಿದಳು. ಮತ್ತೆ ತಿಳಿಯಲಿಲ್ಲವೆಂದ. ಮೂರನೆಯ ಸಲ ಬೇರೆ ದಾರಿಯಲ್ಲಿ ಹೇಳಿದಳು.

ಆಮೇಲೆ ಕೇಳಿದಾಗ ತಿಳಿಯಿತು, ಆಗಸ್ಟಿನಿಂದಲೂ ಹೀಗೇ ನಡೆದಿದೆ. ತನ್ನ ಲೈಬ್ರರಿ ಪಿರಿಯಡ್ಡು ಬಿಟ್ಟು ಬಂದು ಪಾಠ ಮಾಡುತ್ತಾಳೆ. ಪ್ರಾಚಾರ್ಯರಿಗೆ ಗೊತ್ತಿತ್ತು, ಸುಮ್ಮನಿದ್ದರು. ನನಗೆ ಗೊತ್ತಿರಲಿಲ್ಲ. ಎರಡು ಕೋಣೆ ಆಚೆ ಇದ್ದುಕೊಂಡು ಮೂರು ತಿಂಗಳು ನನಗೆ ಗೊತ್ತಾಗಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನವೆಂಬರಿನಲ್ಲಿ ಶಿಫಾರಸು ಪತ್ರ ಬರೆದೆ. ಎರಡು ಭಾನುವಾರ ಕೂತು ಬರೆದ ಪತ್ರ. ಬೇರೆ ಶಾಲೆಗಳವರು ಹೇಗೆ ಬರೆಯುತ್ತಾರೆಂದು ಇಂಟರ್ನೆಟ್ಟಿನಲ್ಲಿ ನೋಡಿ ಅದೇ ಧಾಟಿಯಲ್ಲಿ ಬರೆದಿದ್ದೆ. ಇವಳು ನಮ್ಮ ಕಾಲೇಜಿನಲ್ಲಿ ಗಣಿತ ಸಂಘ ಸ್ಥಾಪಿಸಿ ಅದರ ಅಧ್ಯಕ್ಷೆಯಾಗಿದ್ದಾಳೆ, ಕಿರಿಯರಿಗೆ ನಾಯಕಿಯಾಗಿದ್ದಾಳೆ ಎಂದೆಲ್ಲ. ಮುಂದುವರಿದ ಕೋರ್ಸುಗಳ ಜಾಗದಲ್ಲಿ 'ವಿಶೇಷ ಗಣಿತ ತರಗತಿ' ಎಂದು ಹಾಕಿದ್ದೆ. ಅವಳಿಗೆ ತೋರಿಸಬೇಕಾದ್ದಿರಲಿಲ್ಲ, ಆದರೆ ನನ್ನ ಬರವಣಿಗೆಯ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಬಂದಿತ್ತು, ತೋರಿಸಿದೆ.

ಅವಳು ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದಳು. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಮ್ಯಾಡಮ್, ಇದು ಸಂಘ ಅಲ್ಲಲ್ರಿ. ಸರ್ ಇರಲಿಲ್ಲ, ಅದಕ್ಕ ನಾ ಹೇಳಿಕೊಟ್ಟೆ."

ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದಿದ್ದೇನೆ, ಎಲ್ಲರೂ ಹೀಗೇ ಬರೆಯುವುದು ಎಂದೆ.

"ಅವರು ಮಾತಾಡಸ್ತಾರಂತಲ್ರಿ. ಸಂಘದಾಗ ಏನೇನು ಮಾಡೀರಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ನನಗೆ ಸಿಟ್ಟು ಬಂತು. ಎರಡು ಭಾನುವಾರ ಹೋಗಿದ್ದವು. ಹಾಗಾದರೆ ನೀನೇ ಬರಿ ಎಂದು ಅಂದೆನೋ ಏನೋ. ಅವಳು ತಲೆ ತಗ್ಗಿಸಿ ನಿಂತಳು, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಆ ಪತ್ರವನ್ನು ಮತ್ತೆ ಓದಿದೆ. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಬರೆದದ್ದು. ಅದರಲ್ಲಿ ಆ ಹುಡುಗಿಯೇ ಇರಲಿಲ್ಲ. ಯಾವುದೋ ದೊಡ್ಡ ಶಾಲೆಯ ಯಾವುದೋ ಹುಡುಗಿ ಇದ್ದಳು.

ಮತ್ತೆ ಬರೆದೆ. ಈ ಸಲ ಸುಮ್ಮನೆ ನಡೆದದ್ದನ್ನು ಬರೆದೆ. ನಮ್ಮಲ್ಲಿ ಮುಂದುವರಿದ ಹಂತದ ಕೋರ್ಸುಗಳು ಒಂದೂ ಇಲ್ಲ. ಗಣಿತದ ಉಪನ್ಯಾಸಕರೂ ಇಲ್ಲ. ಇವಳು ಎರಡನೆಯ ವರ್ಷದ ಗಣಿತವನ್ನು ಬಹುಮಟ್ಟಿಗೆ ತಾನೇ ಓದಿಕೊಂಡಿದ್ದಾಳೆ, ಮೊದಲ ವರ್ಷದ ಹತ್ತೊಂಬತ್ತು ಮಕ್ಕಳಿಗೆ ಆಗಸ್ಟಿನಿಂದ ಪಾಠ ಮಾಡುತ್ತಿದ್ದಾಳೆ. ಒಬ್ಬನಿಗೆ ತಿಳಿಯದಿದ್ದಾಗ ಮೂರು ಸಲ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಂದೇ ಪುಟ.

ಅದಕ್ಕೆ ಪ್ರಾಚಾರ್ಯರ ಸಹಿ ಬೇಕಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು, ಸಕ್ಕರೆ ಕಾಯಿಲೆಯವರು, ಹುಡುಗರ ಮೇಲೆ ಕೈಯೆತ್ತಿದವರಲ್ಲ. ಹಾಳೆ ಓದಿ ಕನ್ನಡಕ ತೆಗೆದಿಟ್ಟರು.

"ಇದನ್ನ ಕಳಸಬ್ಯಾಡ್ರಿ ಮ್ಯಾಡಮ್," ಎಂದರು.

ಯಾಕೆಂದು ಕೇಳಿದೆ. ಅವರು ಸಮಾಧಾನವಾಗಿಯೇ ವಿವರಿಸಿದರು. ನಮ್ಮ ಕಾಲೇಜಿನ ಹೆಸರು ಹಾಕಿ, ಅದರ ಮೇಲೆ ಪ್ರಾಚಾರ್ಯನ ಸಹಿ ಹಾಕಿ, ಇಲ್ಲಿ ಗಣಿತಕ್ಕೆ ಯಾರೂ ಇಲ್ಲ, ಒಂದು ಹುಡುಗಿ ಪಾಠ ಮಾಡುತ್ತಾಳೆ ಎಂದು ಬರೆದುಕೊಟ್ಟಂತೆ ಆಗುತ್ತದೆ. ಕಾಗದ ದಿಲ್ಲಿಗೆ ಹೋದರೂ ಸುದ್ದಿ ಊರಿಗೆ ಬರುತ್ತದೆ. ಈಗಲೇ ವಿಜ್ಞಾನಕ್ಕೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ಇನ್ನೂ ಕಡಿಮೆಯಾದರೆ ವಿಭಾಗವನ್ನೇ ಮುಚ್ಚುತ್ತಾರೆ. ಗಂಡುಮಕ್ಕಳು ರಾಮದುರ್ಗಕ್ಕೋ ಧಾರವಾಡಕ್ಕೋ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ?

"ಒಬ್ಬಾಕಿ ದಿಲ್ಲಿಗೆ ಹೋಗೂದಕ್ಕ ಹತ್ತು ಮಂದಿ ಮನ್ಯಾಗ ಕುಂಡ್ರೂದು ಆಗಬಾರದ್ರಿ," ಎಂದರು.

ಆದರೂ ಸತ್ಯವನ್ನೇ ಬರೆದಿದ್ದೇನಲ್ಲ ಸರ್ ಎಂದೆ. ಮಕ್ಕಳ ತಾಯಿತಂದೆಯರಿಗೂ ಅದು ಗೊತ್ತಿರಬೇಕಾದದ್ದೇ ಅಲ್ಲವೇ ಎಂದೆ. ಅವರು ನನ್ನ ಮುಖ ನೋಡಿದರು.

"ನಿಮ್ಮ ಮಗಳನ್ನ ನೀವು ಇಲ್ಲೆ ಹಾಕೀರೇನ್ರಿ?"

ನನ್ನ ಮಗಳು ಆಗ ಧಾರವಾಡದಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು. ಅಲ್ಲಿ ಬೆಳಿಗ್ಗೆ ಪಾಠ, ಸಂಜೆ ಕೋಚಿಂಗು, ಪ್ರತಿ ವಿಷಯಕ್ಕೂ ಇಬ್ಬಿಬ್ಬರು ಉಪನ್ಯಾಸಕರು. ನಾನು ಕಲಿಸುವ ಕಾಲೇಜಿಗೆ ಅವಳನ್ನು ಸೇರಿಸುವ ಮಾತು ನಮ್ಮ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಪ್ರಾಚಾರ್ಯರು ಅದನ್ನು ಚುಚ್ಚಬೇಕೆಂದು ಕೇಳಲಿಲ್ಲ. ಅವರ ದನಿಯಲ್ಲಿ ಸೋತ ಧಾಟಿಯಷ್ಟೇ ಇತ್ತು. ಇಲ್ಲ ಸರ್ ಎಂದು ಹೇಳಿ ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ನಾಲ್ಕು ದಿನ ಆ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಹುಡುಗಿ ಕೇಳಲಿಲ್ಲ, ಸ್ಟಾಫ್ ರೂಮಿನ ಮುಂದೆ ಹಾದು ಹೋಗುವಾಗ ಒಂದು ಸಲ ಒಳಗೆ ನೋಡಿ ಹೋಗುತ್ತಿದ್ದಳು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ. ಬಿಟ್ಟುಬಿಡೋಣ, ಸಿಇಟಿ ಬರೆಯಲಿ, ಎಲ್ಲರ ಹಾಗೆ ಇವಳಿಗೂ ಎಲ್ಲೋ ಒಂದು ಸೀಟು ಸಿಗುತ್ತದೆ ಎಂದು ಎಷ್ಟೋ ಸಲ ಅಂದುಕೊಂಡೆ. ಹಾಗೆ ಅಂದುಕೊಂಡಾಗ ಮೈ ಹಗುರಾಗುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಐದನೆಯ ದಿನ ಪ್ರಾಚಾರ್ಯರು ಕರೆದರು. ಮೇಜಿನ ಮೇಲೆ ನನ್ನ ಹಾಳೆ, ಅದರ ಪಕ್ಕದಲ್ಲಿ ಒಂದು ದಪ್ಪ ಫೈಲು. ತೆರೆದು ತೋರಿಸಿದರು. ಗಣಿತದ ಉಪನ್ಯಾಸಕರನ್ನು ಕೊಡಿ ಎಂದು ಮೇಲಿನವರಿಗೆ ಅವರು ಬರೆದ ಪತ್ರಗಳ ನಕಲುಗಳು. ಕೆಲವು ಟೈಪು ಮಾಡಿದವು, ಕೆಲವು ಕೈಬರಹದವು. ಒಂದರಲ್ಲಿ, ಪಾಠ ಮಾಡುತ್ತಿರುವುದು ಒಬ್ಬ ವಿದ್ಯಾರ್ಥಿನಿ ಎಂದು ಅವರೇ ಬರೆದಿದ್ದರು.

"ಸಹಿ ಮಾಡತೇನ್ರಿ. ಒಂದು ಸಾಲು ಅಷ್ಟ ಸೇರಸ್ರಿ. ನಾವು ಕೇಳೇವಿ ಅಂತ ಬರೀರಿ. ಸುಮ್ಮನ ಕುಂತಿಲ್ಲ ಅಂತ."

ಆ ಸಾಲು ಸೇರಿಸಿದೆ. ಅವರು ಸಹಿ ಮಾಡಿ, ಮೊಹರನ್ನು ಎರಡು ಸಲ ಒತ್ತಿದರು. ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಅವಳು ಮೂರು ಕಡೆ ಅರ್ಜಿ ಹಾಕಿದಳು. ತನ್ನ ಬಗ್ಗೆ ತಾನು ಬರೆಯಬೇಕಾದ ಪ್ರಬಂಧವನ್ನು ಆರು ಸಲ ಬರೆದಳು. ನಾನು ಕಾಗುಣಿತ, ವ್ಯಾಕರಣ ಮಾತ್ರ ತಿದ್ದಿದೆ. ಜನವರಿಯಲ್ಲಿ ಒಂದು ಕಡೆಯಿಂದ ಮೂರು ಸಾಲಿನ ಉತ್ತರ ಬಂತು, ಈ ವರ್ಷ ಸಾಧ್ಯವಿಲ್ಲವೆಂದು. ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ದಿಲ್ಲಿಯ ಕಡೆಯವರು ಫೆಬ್ರವರಿಯಲ್ಲಿ ಸಂದರ್ಶನಕ್ಕೆ ಕರೆದರು, ವಿಡಿಯೋದಲ್ಲಿ. ಕಾಲೇಜಿನಲ್ಲಿ ನೆಟ್‌ವರ್ಕು ಸಿಗುವುದು ಸೈಕಲ್ ಸ್ಟ್ಯಾಂಡಿನಲ್ಲಿ ಮಾತ್ರ. ನಮ್ಮ ಮನೆಗೇ ಬಾ ಎಂದೆ.

ಆ ದಿನ ತಂದೆ ಮಗಳು ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಬಂದರು. ತಂದೆಯನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಿಳಿ ಅಂಗಿ ಹಾಕಿದ್ದರು, ಬೆರಳಿನ ಸಂದಿಗಳಲ್ಲಿ ವಾರ್ನಿಶ್ ಕಲೆ. ಕುರ್ಚಿ ತೋರಿಸಿದರೂ ತುದಿಯಲ್ಲಿ ಕೂತರು. ಚಹಾ ಕೊಟ್ಟೆ. ಇದರಲ್ಲಿ ನಾನು ಮಾಡಬೇಕಾದದ್ದೇನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಕೂತಿರಿ ಎಂದೆ. ಅವಳನ್ನು ಮಗಳ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಬಾಗಿಲು ಮುಂದಕ್ಕೆ ಮಾಡಿ ಬಂದೆ. ನಾವಿಬ್ಬರೂ ಹೊರಗೆ ಕೂತೆವು. ಮಾತೆಲ್ಲ ಕೇಳುತ್ತಿತ್ತು.

ಪರದೆಯ ಆ ಕಡೆ ಇಬ್ಬರಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮೊದಲಿಗೆ ಊರು, ಮನೆ ಕೇಳಿದರು. ಅವಳು ಕಟ್ಟಿ ಕಟ್ಟಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಆಮೇಲೆ ಗಂಡಸು ಕೇಳಿದ: ಇಲ್ಲಿಗೆ ಬರುವ ಬಹಳ ಮಕ್ಕಳು ಶಾಲೆಯಲ್ಲೇ ಮುಂದುವರಿದ ಗಣಿತ ಮಾಡಿ ಬಂದಿರುತ್ತಾರೆ. ನಿಮ್ಮ ಕಾಲೇಜಿನಲ್ಲಿ ಅದಿಲ್ಲ. ಇಲ್ಲಿಯ ಗಣಿತ ನಿನ್ನಿಂದ ಆಗುತ್ತದೆಂದು ನಿನಗೆ ಹೇಗೆ ಗೊತ್ತು?

ಒಳಗೆ ಮಾತು ನಿಂತಿತು. ನಾನು ಲೋಟ ಕೆಳಗಿಟ್ಟೆ. ತಂದೆಗೆ ಇಂಗ್ಲಿಷ್ ತಿಳಿಯದು. ಆದರೆ ಮಗಳು ಸುಮ್ಮನಾದದ್ದು ತಿಳಿಯಿತು. ಬಾಗಿಲನ್ನೇ ನೋಡುತ್ತಿದ್ದರು.

ಗೊತ್ತಿಲ್ಲ ಎಂದಳು ಅವಳು. ಐ ಡೋಂಟ್ ನೋ, ಸರ್. ಅಷ್ಟು ಹೇಳಿ, ಒಂದು ವಿಷಯ ಹೇಳಲೇ ಎಂದು ಕೇಳಿದಳು. ಮೊದಲ ವರ್ಷದ ಹುಡುಗನೊಬ್ಬ ಅವಳನ್ನು ಕೇಳಿದ್ದನಂತೆ: ಮೂರರ ಫ್ಯಾಕ್ಟೋರಿಯಲ್ ಎಂದರೆ ಮೂರು, ಎರಡು, ಒಂದನ್ನು ಗುಣಿಸುವುದು, ಹಾಗಾದರೆ ಸೊನ್ನೆಯ ಫ್ಯಾಕ್ಟೋರಿಯಲ್ ಒಂದು ಹೇಗಾಯಿತು, ಸೊನ್ನೆಯಾಗಬೇಕಲ್ಲ? ಪುಸ್ತಕದಲ್ಲಿ ಅದನ್ನು ಹಾಗೇ ಒಪ್ಪಿಕೊಳ್ಳಿ ಎಂದಿತ್ತು. ಇವಳಿಗೆ ಒಪ್ಪಿಕೊಳ್ಳಿ ಎಂದು ಹೇಳಲು ಮನಸ್ಸಾಗಲಿಲ್ಲ. ಎರಡು ವಾರ ಅದನ್ನೇ ಯೋಚಿಸಿದಳಂತೆ. ಆಮೇಲೆ ಹೊಳೆಯಿತು, ಮೇಲಿಂದ ಕೆಳಗೆ ಇಳಿಯಬೇಕು. ನಾಲ್ಕರದ್ದನ್ನು ನಾಲ್ಕರಿಂದ ಭಾಗಿಸಿದರೆ ಮೂರರದ್ದು ಬರುತ್ತದೆ. ಅದನ್ನು ಮೂರರಿಂದ ಭಾಗಿಸಿದರೆ ಎರಡರದ್ದು. ಅದನ್ನು ಎರಡರಿಂದ ಭಾಗಿಸಿದರೆ ಒಂದರದ್ದು, ಅದು ಒಂದು. ಅದನ್ನು ಒಂದರಿಂದ ಭಾಗಿಸಿದರೆ ಸೊನ್ನೆಯದ್ದು, ಅದೂ ಒಂದೇ. ಹಾಳೆಯ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿದಳೆಂದು ಕಾಣುತ್ತದೆ, ಕಾಗದದ ಸದ್ದು ಬಂತು. ಇದು ಎಲ್ಲಾದರೂ ಪುಸ್ತಕದಲ್ಲಿ ಇರಬಹುದು, ತನಗೆ ಸಿಕ್ಕಿರಲಿಲ್ಲ ಎಂದಳು. ಇಂಗ್ಲಿಷು ಎರಡು ಕಡೆ ತಪ್ಪಿತು. ಆ ಕಡೆಯ ಹೆಂಗಸು ಥ್ಯಾಂಕ್ ಯೂ ಎಂದರು. ಅಲ್ಲಿಗೆ ಮುಗಿಯಿತು.

ಹೊರಗೆ ಬಂದವಳು, ಗೊತ್ತಿಲ್ಲ ಅಂದುಬಿಟ್ಟೆನಲ್ರಿ ಎಂದು ಮಾತ್ರ ಹೇಳಿದಳು. ಉಪ್ಪಿಟ್ಟು ತಿಂದು ಇಬ್ಬರೂ ಹನ್ನೊಂದರ ಬಸ್ಸಿಗೆ ಹೋದರು. ಮುಂದಿನ ತಿಂಗಳು ಪಿಯುಸಿ ಪರೀಕ್ಷೆಯಿತ್ತು.

ಏಪ್ರಿಲಿನಲ್ಲಿ ಬಂದ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ. ಕಾಯುವ ಪಟ್ಟಿಯಲ್ಲಿ ಇಟ್ಟಿದ್ದರು. ಅವಳು ಬೋರ್ಡ್ ಪರೀಕ್ಷೆಯಲ್ಲಿ ಕಾಲೇಜಿಗೆ ಮೊದಲು ಬಂದಳು, ಗಣಿತದಲ್ಲಿ ಪೂರ್ತಿ ಅಂಕ. ಊರಲ್ಲಿ ಫ್ಲೆಕ್ಸು ಹಾಕಿದರು. ಧಾರವಾಡದಲ್ಲಿ ಬಿ.ಎಸ್ಸಿ.ಗೆ ಸೇರಿಕೊಂಡಳು, ಹಾಸ್ಟೆಲೂ ಸಿಕ್ಕಿತು. ಪಾಠ ಶುರುವಾಗಿ ಹತ್ತು ದಿನವಾಗಿತ್ತು. ಅಷ್ಟರಲ್ಲಿ ದಿಲ್ಲಿಯ ಕಡೆಯಿಂದ ಪತ್ರ ಬಂತು: ಒಂದು ಜಾಗ ಖಾಲಿಯಾಗಿದೆ, ಪೂರ್ತಿ ನೆರವು ಕೊಡುತ್ತೇವೆ, ನಾಲ್ಕು ದಿನದಲ್ಲಿ ಹೇಳಬೇಕು.

ತಂದೆ ನನಗೆ ಫೋನು ಮಾಡಿದರು. ಧಾರವಾಡ ಎಂದರೆ ಶನಿವಾರ ಬಂದು ಸೋಮವಾರ ಹೋಗಬಹುದು. ಅವಳ ತಾಯಿ ಬೇಡ ಅನ್ನುತ್ತಾಳೆ. ನೀವೇನಂತೀರಿ ಎಂದು ಕೇಳಿದರು. ಕಳಿಸಿ ಎಂದೆ. ಯೋಚಿಸದೆ ಹೇಳಿದೆ. ನಾಲ್ಕು ತಿಂಗಳು ಆ ಅರ್ಜಿಯ ಹಿಂದೆ ಬಿದ್ದವಳಿಗೆ ಬೇರೆ ಮಾತು ಬರುವ ಹಾಗಿರಲಿಲ್ಲ. ಅವರು ಮಗಳನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಸೆಪ್ಟೆಂಬರಿನ ಕೊನೆಗೆ, ಒಂದು ಭಾನುವಾರ ಮಧ್ಯಾಹ್ನ, ಅವಳ ಫೋನು ಬಂತು. ಮೊದಲಿಗೆ ಹಾಸ್ಟೆಲಿನ ಊಟದ ಬಗ್ಗೆ, ರೊಟ್ಟಿ ಸಿಗದ ಬಗ್ಗೆ ಹೇಳಿದಳು. ಆಮೇಲೆ ದನಿ ಇಳಿಯಿತು.

"ಮ್ಯಾಡಮ್, ಮೊದಲನೇ ಟೆಸ್ಟಿನ್ಯಾಗ ಎಲ್ಲಾರಿಗಿಂತ ಕೆಳಗ ನನ್ನ ಹೆಸರು ಐತ್ರಿ. ಇಲ್ಲಿ ಸರ್, ಇದು ನಿಮಗೆಲ್ಲಾ ಗೊತ್ತಿದ್ದದ್ದ ಅಂತ ಹೇಳಿ ಮುಂದ ಹೋಗತಾರ. ಎಲ್ಲಾರೂ ಸಾಲ್ಯಾಗ ಕಲ್ತು ಬಂದಾರ್ರಿ. ನನಗ ಅವರು ಮಾತಾಡೂದ ತಿಳಿಯಂಗಿಲ್ಲ."

ಧೈರ್ಯ ಬಿಡಬೇಡ, ಅಲ್ಲಿಯ ಸರ್ ಅವರನ್ನು ಹೋಗಿ ಕೇಳು ಎಂದೆ. ಕೇಳತೇನ್ರಿ ಎಂದಳು. ಫೋನಿಟ್ಟ ಮೇಲೆ ಯೋಚಿಸಿದೆ. ಧಾರವಾಡದಲ್ಲಿದ್ದರೆ ಮೊದಲನೆಯವಳಾಗಿರುತ್ತಿದ್ದಳು. ಅವಳನ್ನು ಅಲ್ಲಿಗೆ ಕಳಿಸಿದ್ದು ಅವಳ ಆಸೆಯೋ, ಹದಿನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ ನನ್ನ ಆಸೆಯೋ ಎಂಬ ಸಂಶಯ ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ.

ದೀಪಾವಳಿಯ ಹಿಂದಿನ ವಾರ ಕಟಕೋಳದಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ನೋಡಿದರೆ ಎದುರಿಗೇ ಅವಳ ತಂದೆಯ ಅಂಗಡಿ. ಮೊಣಕಾಲ ನಡುವೆ ಒಂದು ಮೋಟಾರು ಇಟ್ಟುಕೊಂಡು ಸುಟ್ಟ ತಂತಿ ಬಿಚ್ಚುತ್ತಿದ್ದರು. ಸ್ಟೂಲು ಒರೆಸಿ ಕೊಟ್ಟರು. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಫ್ಲೆಕ್ಸಿನಿಂದ ಕತ್ತರಿಸಿದ ಮಗಳ ಫೋಟೊ. ಅವಳು ಹಬ್ಬಕ್ಕೆ ಬರುವುದಿಲ್ಲವಂತೆ, ಓದುವುದಿದೆಯಂತೆ ಎಂದರು. ಸ್ವಲ್ಪ ಹೊತ್ತು ತಂತಿ ಬಿಚ್ಚುತ್ತಲೇ ಇದ್ದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಭಾಳ ತ್ರಾಸ ಐತಂತಲ್ರಿ ಅಲ್ಲಿ. ಕಳಿಸಿದ್ದು ಬರೊಬ್ಬರಿ ಆತೇನ್ರಿ ಮ್ಯಾಡಮ್ಮರ?"

"ಗೊತ್ತಿಲ್ರಿ ಅಣ್ಣಾರ," ಎಂದೆ.

ಅವರು ಕೈ ನಿಲ್ಲಿಸಿದರು. "ಊರಾಗ ಎಲ್ಲಾರೂ ಎಲ್ಲಾ ಗೊತ್ತಿದ್ದಾಂಗ ಹೇಳತಾರ್ರಿ," ಎಂದರು. "ತಪ್ಪು ಮಾಡಿದಿ ಅಂತ ಕೆಲವರು, ಪುಣ್ಯಾ ಮಾಡಿದಿ ಅಂತ ಕೆಲವರು. ನೀವಾದ್ರೂ ಗೊತ್ತಿಲ್ಲ ಅಂದ್ರಿ."

ಚಹಾ ತರಿಸಿದರು. ಇನ್ನೊಂದು ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ಕೂತೆವು.

ಆ ಗಣಿತದ ಕೋರ್ಸಿನಲ್ಲಿ ಅವಳು ಆ ಸಲ ಪಾಸಾಗಲಿಲ್ಲ. ಮರುವರ್ಷ ಮತ್ತೆ ತೆಗೆದುಕೊಂಡಳು, ಪಾಸಾದಳು. ದೊಡ್ಡ ಅಂಕವೇನಲ್ಲ, ನಡುವಿನದು. ಸುದ್ದಿ ಹೇಳುವಾಗ ಅವಳ ಇಂಗ್ಲಿಷು ನನ್ನದಕ್ಕಿಂತ ಸಲೀಸಾಗಿತ್ತು. ಈಗ ಮೂರನೆಯ ವರ್ಷ. ಗಣಿತವನ್ನೇ ಓದುತ್ತಿದ್ದಾಳೆ. ಸುಲಭವಾಯಿತೇ ಎಂದು ಹೋದ ಸಲ ಕೇಳಿದೆ. ಸುಲಭ ಆಗಿಲ್ರಿ, ಆದ್ರ ಅವರು ಮಾತಾಡೂದು ತಿಳಿತದ ಎಂದಳು.

ಪ್ರಾಚಾರ್ಯರು ಹೆದರಿದಂತೆ ವಿಜ್ಞಾನ ವಿಭಾಗ ಮುಚ್ಚಲಿಲ್ಲ. ಅವಳು ದಿಲ್ಲಿಗೆ ಹೋದ ವರ್ಷ ಮೊದಲ ವರ್ಷಕ್ಕೆ ಇಪ್ಪತ್ಮೂರು ಮಕ್ಕಳು ಬಂದರು. ಅದು ಫ್ಲೆಕ್ಸಿನ ಪ್ರಭಾವ ಎಂದು ಅವರೇ ನಗುತ್ತ ಹೇಳಿದರು. ಗಣಿತಕ್ಕೆ ಒಬ್ಬ ಅತಿಥಿ ಉಪನ್ಯಾಸಕಿ ಬಂದಿದ್ದಾಳೆ, ಸವದತ್ತಿಯವಳು, ವಾರಕ್ಕೆ ನಾಲ್ಕು ದಿನ. ಕಾಯಂ ಜಾಗ ಇನ್ನೂ ಖಾಲಿಯೇ ಇದೆ. ಪ್ರಾಚಾರ್ಯರು ನಿವೃತ್ತರಾದ ದಿನ ಆ ದಪ್ಪ ಫೈಲನ್ನು ಹೊಸಬರ ಕೈಗೆ ಕೊಟ್ಟು, ಇದನ್ನ ಮುಂದುವರಸ್ರಿ ಎಂದರಂತೆ.

ಈ ವರ್ಷ ಇಬ್ಬರು ಬಂದು ಕೇಳಿದ್ದಾರೆ, ಒಬ್ಬ ಹುಡುಗ, ಒಬ್ಬ ಹುಡುಗಿ. ಮ್ಯಾಡಮ್, ನಮ್ಮದೂ ಬರೀರಿ ಎಂದು. ಆ ಹುಡುಗನ ಗಣಿತ ಅಷ್ಟಕ್ಕಷ್ಟೇ, ಆದರೆ ಹಕ್ಕಿಗಳ ಬಗ್ಗೆ ಬಹಳ ತಿಳಿದುಕೊಂಡಿದ್ದಾನೆ. ಹುಡುಗಿಯನ್ನು ಇನ್ನೂ ಸರಿಯಾಗಿ ಮಾತಾಡಿಸಿಲ್ಲ. ಅಲ್ಲಿಗೆ ಹೋದರೆ ಮೊದಲ ವರ್ಷ ಎಷ್ಟು ಕಷ್ಟವಾಗಬಹುದೆಂದು ಈ ಸಲ ಮೊದಲೇ ಹೇಳಿದ್ದೇನೆ, ತಾಯಿತಂದೆಯರನ್ನು ಕರೆಸಿ ಅವರಿಗೂ ಹೇಳಿದ್ದೇನೆ. ಕೇಳಿಸಿಕೊಂಡು, ಆದರೂ ಹಾಕುತ್ತೇವೆ ಎಂದಿದ್ದಾರೆ. ಬರುವ ಭಾನುವಾರ ಕೂರಬೇಕು. ಎರಡು ಪತ್ರ, ಎರಡು ಕೋಷ್ಟಕ. ಕಣ್ಣು ಮೊದಲಿನಷ್ಟು ಚುರುಕಾಗಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡು ಬರೆಯುತ್ತೇನೆ.